ಎತ್ತಿದ ಕೈ

ನವೆಂಬರ್ 10, ಸೋಮವಾರ. ಬೆಳಿಗ್ಗೆ

‘ಎತ್ತಿದ ಕೈಗೆ ನೋವಿಲ್ಲ, ಇಳಿಸಿದ ಮೇಲೇ...’

ಮುಂದೇನು? ಎಂ.ಎ. ಓದುವಾಗ ಹಾಸ್ಟೆಲಿನ ಗೋಡೆಯ ಮೇಲೆ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದ ಸಾಲು. ಇಳಿಸಿದ ಮೇಲೇ ನೋವು — ಎಂದಿತ್ತೇ? ಒಂದೇ ಸಾಲಿನಲ್ಲಿ ‘ನೋವು’ ಎರಡು ಸಲ ತರುವಷ್ಟು ದಡ್ಡರಿರಲಾರರು. ಬೇರೆ ಯಾವುದೋ ಪದ. ಹಾಲು ಕಾಯಿಸುವಾಗಿನಿಂದ ಹುಡುಕುತ್ತಿದ್ದೇನೆ. ಸಿಗುತ್ತಿಲ್ಲ.

ಅಲ್ಲದೆ ಸಾಲೇ ಸುಳ್ಳು. ಮಗಳು ಸಂಧ್ಯಾ ಹಿತ್ತಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು, ಎರಡೂ ಮುಷ್ಟಿ ಗಲ್ಲದ ಹತ್ತಿರ ಹಿಡಿದು ನಿಂತಿದ್ದಾಳೆ. ದಿನಾ ಇದೇ ಅಭ್ಯಾಸ. ಅಡುಗೆಮನೆಯ ಕಿಟಕಿಯಿಂದ ಕಾಣುತ್ತದೆ — ಭುಜ ನಡುಗುತ್ತದೆ, ಬೆವರು ಮೂಗಿನ ತುದಿಗೆ ಇಳಿಯುತ್ತದೆ. ನೋವು ಎತ್ತಿದ ಕೈಗೇ. ಬರೆದವರು ಒಂದು ದಿನ ನಮ್ಮ ಹಿತ್ತಲಿಗೆ ಬಂದು ನಿಂತು ನೋಡಬೇಕಿತ್ತು.

ಸಂಜೆ

ಬಸ್‌ಸ್ಟ್ಯಾಂಡಿನಲ್ಲಿ ಹೊಸ ಫ್ಲೆಕ್ಸ್. ಹಾಕಿಸಿದ್ದು ಇವರೇ. ಮಗಳ ವಿಷಯ ಬಂದರೆ ನನ್ನ ಗಂಡನಿಗೆ ಅಡಿಕೆ ಮಂಡಿಯೂ ನೆನಪಿರುವುದಿಲ್ಲ. ಎರಡಾಳೆತ್ತರ. ‘ಬಾಕ್ಸಿಂಗ್‌ನಲ್ಲಿ ಎತ್ತಿದ ಕೈ! ಚನ್ನಗಿರಿಯ ಪಂಚ್ ರಾಣಿ ಸಂಧ್ಯಾರಾಣಿ. ಡಿಸೆಂಬರ್ 7, ಜಗಳೂರು ಚಲೋ!’ ಫೋಟೋ ಹೊನ್ನಾಳಿಯ ಪಂದ್ಯ ಆದ ಮೇಲೆ ತೆಗೆಸಿದ್ದು. ದೀಪಾವಳಿಗೆ ಮುಂಚೆ ಗೆದ್ದಳಲ್ಲ, ಅದು.

ನಿಂತು ನೋಡಿದೆ. ಬಲಗೈ ಗಲ್ಲದ ಹತ್ತಿರ ಇದೆ. ಎಡಗೈ ಎದೆಗಿಂತ ಕೆಳಗೆ. ‘ಎತ್ತಿದ ಕೈ’ ಎಂದು ಬರೆದ ದಪ್ಪ ಅಕ್ಷರದ ಅಡಿಯಲ್ಲೇ ಇಳಿದ ಕೈ. ಯಾರಿಗೂ ಕಾಣಲಿಲ್ಲವೇ?

ನವೆಂಬರ್ 12, ಬುಧವಾರ

ಹೊನ್ನಾಳಿಯ ಕಾಲೇಜಿಗೆ ಪರೀಕ್ಷೆ ಕೆಲಸದ ಮೇಲೆ ಹೋಗಿದ್ದೆ. ಬಸ್ಸಿನಲ್ಲಿ ಮುಂದಿನ ಸೀಟಿನ ಇಬ್ಬರದು ಇದೇ ಚರ್ಚೆ. ಹಿಂದೆ ಕೂತವಳು ಯಾರೆಂದು ಅವರಿಗೆ ಗೊತ್ತಿಲ್ಲ.

“ಆ ಚನ್ನಗಿರಿ ಹುಡುಗಿ ಹೊಡ್ದಿದ್ದಾದ್ರೂ ಯಾರಿಗೆ? ಹೊನ್ನಾಳ್ಯಾಗೆ ಎದುರಿಗಿದ್ದೋಳು ಮೊನ್ನೆ ತನಕ ಕಬಡ್ಡಿ ಆಡ್ತಿದ್ಲಂತೆ.”

“ಕಬಡ್ಡಿ ಆಡಿದ್ರೇನು? ಎಂಥಾ ಏಟು ಕೊಟ್ಲು ನೋಡಿಲ್ಲೇನು, ಇವಳ ಬಲಗಪಾಳಕ್ಕೆ? ಬೇರೆ ಯಾರಾದ್ರೂ ಆಗಿದ್ರೆ ಅಲ್ಲೇ ಚಾಪೆ ಹಾಸ್ಬೇಕಿತ್ತು. ಇವಳು ತಡ್ಕಂಡು ಗೆದ್ಲು.”

“ತಡ್ಕಳಾದು ಕತ್ತೆಗೂ ಬರ್ತೈತೆ ಬಿಡೋ. ಜಗಳೂರಾಗೆ ಇವಳ ಎದುರಿಗೆ ಬರೋ ನ್ಯಾಮತಿ ಹುಡುಗಿ ಐತಲ್ಲ, ಸುಮೇರಾ, ಅದನ್ನ ನೋಡು. ಹೊಡಿಯಾಕೆ ಅವಸರನೇ ಇಲ್ಲ. ಬ್ಯಾಂಕಿನ ಕ್ಲರ್ಕ್ ಇದ್ದಂಗೆ. ಕಾಯಿಸ್ತಾಳೆ, ಕಾಯಿಸ್ತಾಳೆ, ಊಟದ ಟೈಮಿಗೆ ಸರಿಯಾಗಿ ಶಟರ್ ಎಳಿತಾಳೆ.”

“ಹಂಗಾರೆ ಸಂಧ್ಯಾರಾಣಿಗೆ ಏನೂ ಬರಂಗಿಲ್ಲ ಅಂತೀಯ?”

“ಬರ್ತೈತೆ. ಫ್ಲೆಕ್ಸಿನಾಗೆ ನಿಂತ್ಕಳಾಕೆ ಚಂದ ಬರ್ತೈತೆ.”

ಇಬ್ಬರೂ ನಕ್ಕರು. ಕಂಡಕ್ಟರೂ ನಕ್ಕ. ಕಿಟಕಿಯ ಕಡೆ ತಿರುಗಿ ಕೂತೆ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವನು ಹೇಳಿದ್ದು ನನಗೆ ಸರಿ ಅನ್ನಿಸಿತು — ಅದಕ್ಕೇ ಹೆದರಿಕೆ.

ನವೆಂಬರ್ 16, ಭಾನುವಾರ

ಮಾಲತೇಶನ ಯೂಟ್ಯೂಬ್ ಚಾನೆಲ್‌ನಲ್ಲಿ ಅವಳ ವಿಡಿಯೋಗಳೆಲ್ಲ ಇವೆ. ನಮ್ಮೂರಿನ ಹುಡುಗ, ದನದ ಸಂತೆಯಿಂದ ಹಿಡಿದು ಮದುವೆಯವರೆಗೆ ಎಲ್ಲಕ್ಕೂ ಮೈಕ್ ಹಿಡಿಯುತ್ತಾನೆ. ‘ಸಿಡಿಲು’, ‘ಮಿಂಚು’, ‘ಹೆಣ್ಣು ಹುಲಿ’ — ಅವನ ಬಾಯಲ್ಲಿ ಇವಳು ಮನುಷ್ಯಳಾಗಿ ಉಳಿದೇ ಇಲ್ಲ.

ಈಚಿನ ಅಭ್ಯಾಸದ್ದನ್ನು ದನಿ ಆಫ್ ಮಾಡಿ ನೋಡಿದೆ. ನಿಧಾನ ಗತಿಯಲ್ಲಿ. ಪದ್ಯ ಓದುವುದು ಹಾಗೇ ತಾನೆ, ಅರ್ಥವನ್ನು ಪಕ್ಕಕ್ಕಿಟ್ಟು ಯತಿ ಎಲ್ಲಿ ಬೀಳುತ್ತದೆ ಎಂದು ಮಾತ್ರ ಹುಡುಕುವುದು. ಸಿಕ್ಕಿತು. ಎಡಗೈಯಿಂದ ಹೊಡೆಯುತ್ತಾಳೆ, ಕೈ ವಾಪಸ್ ಗಲ್ಲಕ್ಕೆ ಬರಬೇಕು, ಬರುವುದಿಲ್ಲ. ಅರ್ಧ ದಾರಿಯಲ್ಲಿ ಮರೆತು ನಿಲ್ಲುತ್ತದೆ. ಕಾಯುವುದು ಗೊತ್ತಿರುವವಳಿಗೆ ಅಷ್ಟು ಸಾಕು. ಸುಮೇರಾಗೆ ಕಾಯುವುದು ಗೊತ್ತು.

ಸೆಪ್ಟೆಂಬರಿನ ವಿಡಿಯೋ ತೆಗೆದು ನೋಡಿದೆ. ಅದರಲ್ಲಿ ಹಾಗಿಲ್ಲ! ಕೈ ಗಲ್ಲದ ಹತ್ತಿರವೇ ಇದೆ, ಅಂಟಿಸಿದ ಹಾಗೆ. ಇಳಿದಿರುವುದು ಹೊನ್ನಾಳಿಯ ನಂತರ. ಅಂದರೆ ಚಪ್ಪಾಳೆಯ ನಂತರ, ಹೊಗಳಿಕೆಯ ನಂತರ.

ಇವರಿಗೆ ತೋರಿಸಿದೆ.

“ನೀನು ಪದ್ಯ ಓದೋಕಿಂತ ಮೊದ್ಲು ಅದ್ರಲ್ಲಿ ತಪ್ಪು ಹುಡುಕ್ತೀಯ. ನನ್ನ ಮಗಳು ಪದ್ಯ ಅಲ್ಲ ಕಣೇ ಪ್ರೇಮ.”

“ಬಿದ್ದು ಏಟಾದ್ರೆ?”

“ಬಾಕ್ಸಿಂಗ್‌ನಾಗೆ ಏಟಾಗ್ದಲೆ ಹೂವು ಬೀಳ್ತಾವೇನು?”

ಸಂಧ್ಯಾಳನ್ನೇ ಕೇಳಿದೆ. ಎಡಗೈ ಯಾಕೆ ಇಳಿಸುತ್ತೀ ಎಂದು. “ಎಲ್ಲಿ ಇಳಿಸ್ತೀನಮ್ಮ? ಎತ್ತೇ ಇರ್ತೀನಲ್ಲ.” ವಿಡಿಯೋ ಮುಂದೆ ಹಿಡಿದೆ. ನೋಡಿದಳು, ತುಟಿ ಕಚ್ಚಿದಳು, ಎದ್ದು ಹೋದಳು. ಹತ್ತೊಂಬತ್ತು ವರ್ಷಕ್ಕೇ ಇಷ್ಟು ಅಹಂಕಾರ. ಕಣ್ಣೆದುರು ಇರುವುದನ್ನೂ ಇಲ್ಲ ಎನ್ನುವಷ್ಟು.

ನವೆಂಬರ್ 18, ಮಂಗಳವಾರ. ಸಂಜೆ

ಗೋದಾಮಿಗೆ ಹೋಗಿದ್ದೆ. ಇವರ ಮಂಡಿಯ ಹಿಂದಿನ ಹಳೆಯ ಅಡಿಕೆ ಗೋದಾಮೇ ಅವಳ ಜಿಮ್. ಚೀಲಗಳು ಹೋದರೂ ಒಗರು ವಾಸನೆ ಹೋಗಿಲ್ಲ. ಕೋಚ್ ರಂಗಣ್ಣ ಕೆರೆಬಿಳಚಿಯವರು, ಮಿಲಿಟರಿಯಲ್ಲಿ ಇದ್ದು ಬಂದವರು. ನಾನು ಬಾಯಿ ಬಿಡುವ ಮೊದಲೇ ಹೇಳಿದರು:

“ಗೊತ್ತೈತೆ ಮೇಡಂ. ಎಡಗೈ. ಔಷಧಿ ಶುರು ಮಾಡೀನಿ.”

ಔಷಧಿ ಎಂದರೆ ಅಡಿಕೆ. ಎರಡು ಗೋಟು ಅಡಿಕೆ, ಸಿಪ್ಪೆ ಸಮೇತ ಒಣಗಿಸಿದ ಇಡೀ ಕಾಯಿ. ಒಂದನ್ನು ಬಲ ಮುಷ್ಟಿ ಮತ್ತು ಗಲ್ಲದ ನಡುವೆ, ಇನ್ನೊಂದನ್ನು ಎಡ ಮುಷ್ಟಿ ಮತ್ತು ಗಲ್ಲದ ನಡುವೆ ಇಟ್ಟು ಸುತ್ತು ಹಾಕಿಸುತ್ತಾರೆ. ಕೈ ಇಳಿದರೆ ಅಡಿಕೆ ನೆಲಕ್ಕೆ. ಬಿದ್ದರೆ ಬಸ್ಕಿ.

ಬಲದ್ದು ಬೀಳಲಿಲ್ಲ. ಎಡದ್ದು ನಿಲ್ಲಲಿಲ್ಲ. ಟಕ್. ಬಸ್ಕಿ. ಮತ್ತೆ ಟಕ್. ಮೊದಮೊದಲು ನಕ್ಕಳು, “ಅಡಿಕೆಗೇ ನನ್ ಮೇಲೆ ಸಿಟ್ಟು ರಂಗಣ್ಣ” ಎಂದಳು. ಆಮೇಲೆ ನಗಲಿಲ್ಲ. ಕೊನೆಗೆ ಅಡಿಕೆ ಎತ್ತಿಕೊಳ್ಳಲು ಬಗ್ಗಿದವಳು ಹಾಗೇ ಕೂತು ಅತ್ತಳು.

ರಂಗಣ್ಣ ನನ್ನನ್ನು ಪಕ್ಕಕ್ಕೆ ಕರೆದರು. “ಹೊಗಳಿಕೆ ತಲೆಗೇರೈತೆ ಮೇಡಂ. ಕೈಗೆ ಮನಸ್ಸಿಲ್ಲ.”

ನನಗೂ ಅದೇ ಅನ್ನಿಸಿತ್ತು. ಒಪ್ಪಿದೆ.

ನವೆಂಬರ್ 21, ಶುಕ್ರವಾರ

ಬೆಳಿಗ್ಗೆ ಬಾಚಣಿಗೆ ಹಿಡಿದು ಬಂದು ಎದುರು ಕೂತಳು. “ಅಮ್ಮ, ಜಡೆ ಹಾಕು.”

ಜಡೆ! ಹೈಸ್ಕೂಲಿಗೆ ಹೋದಾಗಿನಿಂದ ತಲೆ ಮುಟ್ಟಲು ಬಿಟ್ಟವಳಲ್ಲ. ನಾನು ಬೈದದ್ದಕ್ಕೆ ಇದು ರಾಜಿ ಇರಬೇಕು. ನಿಧಾನವಾಗಿ ಹಾಕಿದೆ, ಬೇಗ ಮುಗಿಯದಿರಲಿ ಎಂದು. ತಲೆ ನೋಯುತ್ತಿದೆ, ಬಿಗಿ ಮಾಡಬೇಡ ಎಂದಳು. ತಲೆನೋವು ಈಚೆಗೆ ದಿನಾ ಇದೆ. ನಿದ್ದೆ ಸಾಲದು. ಮೊಬೈಲು.

ಕಾಫಿ ಲೋಟ ಅವಳ ಕೈಯಿಂದ ಜಾರಿ ಬಿತ್ತು. “ಗ್ಲೌಸ್ ಹಾಕಿ ಹಾಕಿ ಬೆರಳು ಮರಗಟ್ಟೈತೆ” ಎಂದು ನಕ್ಕಳು. ನೆಲ ಒರೆಸುತ್ತ ನಾನೂ ನಕ್ಕೆ. ಬಹಳ ದಿನಕ್ಕೆ ಇಬ್ಬರೂ ನಕ್ಕದ್ದು. ಇವತ್ತಿನ ದಿನ ಚೆನ್ನಾಗಿತ್ತು ಎಂದು ಬರೆದಿಡುತ್ತೇನೆ.

ನವೆಂಬರ್ 23, ಭಾನುವಾರ

ಯಾರಿಗೂ ಹೇಳದೆ ನ್ಯಾಮತಿಗೆ ಹೋಗಿ ಬಂದೆ. ಬರೆಯಲು ನಾಚಿಕೆ. ಬೇರೆ ದಾರಿ ತೋಚಲಿಲ್ಲ.

ಸುಮೇರಾ ಸ್ಕೂಲ್ ಮೈದಾನದಲ್ಲಿ ಓಡುತ್ತಿದ್ದಳು. ತೆಳ್ಳಗಿನ ಹುಡುಗಿ, ಉದ್ದ ಕೈ. ನಾನು ಯಾರೆಂದು ಹೇಳಿದ ಕೂಡಲೇ ಟವೆಲ್ ಹೆಗಲಿಗೆ ಹಾಕಿಕೊಂಡು ನೆಟ್ಟಗೆ ನಿಂತಳು. ನನ್ನ ವಿದ್ಯಾರ್ಥಿನಿಯರೂ ಹಾಗೆ ನಿಲ್ಲುವುದಿಲ್ಲ.

“ಏಳನೇ ತಾರೀಕು ನೀನು ಆಡದೇ ಇರೋದಕ್ಕೆ ಆಗುತ್ತಾ?” ಕೇಳಿಯೇ ಬಿಟ್ಟೆ.

“ಯಾಕ್ರೀ ಮೇಡಂ? ಅವಳು ಸೋಲ್ತಾಳೆ ಅಂತಾನಾ?”

“ಏಟು ಬೀಳುತ್ತೆ ಅಂತ.”

ಕಾಲಿನಿಂದ ಮಣ್ಣು ಕೆದಕಿದಳು. “ನಾನು ಬಿಟ್ರೆ ಬಿಳಿಚೋಡಿನ ಹುಡುಗಿ ಬರ್ತಾಳ್ರೀ. ಅವಳ ಏಟು ನಂದಕ್ಕಿಂತ ಜೋರು.” ಆಮೇಲೆ, ತಡೆದು — “ಒಂದು ಮಾತು ಹೇಳ್ಲಾ? ನಮ್ಮೋರೆಲ್ಲ ಸಂಧ್ಯಾದು ಬರೀ ಹವಾ ಅಂತಾರೆ. ಅಲ್ರೀ. ಆಗಸ್ಟ್‌ನಾಗೆ ಶಿಬಿರದಾಗೆ ಅವಳ ಜೊತೆ ಆಡೀನಿ. ಆ ಎಡಗೈ ದಾಟಿ ಒಳಗೆ ಹೋಗಾಕೆ ನಂಗೆ ಆಗಿರ್ಲಿಲ್ಲ. ಹೊನ್ನಾಳಿ ಆದ್ಮೇಲೆ ಅವಳಿಗೆ ಏನೋ ಆಗೈತೆ.”

“ಹೊಗಳಿಕೆ ತಲೆಗೇರಿದೆ” ಎಂದೆ.

ಹುಡುಗಿ ಬಸ್‌ಸ್ಟಾಪಿನವರೆಗೂ ಬಂದಳು. ಬಸ್ಸು ಹೊರಟಾಗ ಕಿಟಕಿಯ ಹತ್ತಿರ ಓಡಿ ಬಂದು, “ಹೊಟ್ಟೆಗೇ ಹೊಡಿತೀನ್ರೀ ಮೇಡಂ, ಆದಷ್ಟು” ಎಂದಳು.

ಮಗಳ ಎದುರಾಳಿಯಿಂದ ಭಿಕ್ಷೆ ತಂದೆ. ಕಣ್ಣಲ್ಲಿ ನೀರು.

ಡಿಸೆಂಬರ್ 5, ಶುಕ್ರವಾರ

ಇಷ್ಟು ದಿನ ಬರೆಯಲಿಲ್ಲ. ಬರೆದರೆ ನಿಜವಾಗುತ್ತದೆ ಎನ್ನುವ ಭಯ.

ನಿನ್ನೆ ಅವಳ ಹಲ್ಲಿನ ಗಾರ್ಡ್ ತೆಗೆದು ಅಕ್ಕಿ ಡಬ್ಬಿಯಲ್ಲಿ ಹುಗಿದೆ. ಅದಿಲ್ಲದೆ ರಿಂಗಿಗೆ ಬಿಡುವುದಿಲ್ಲ ಎಂದು ಎಲ್ಲೋ ಓದಿದ್ದೆ. ಇವತ್ತು ಅವಳೇ ಅನ್ನಕ್ಕಿಡಲು ಹೋದಳು. ಬಂದು ನನ್ನ ಮುಂದೆ ಹಿಡಿದಳು, ಅಕ್ಕಿ ಕಾಳು ಅಂಟಿತ್ತು.

“ಇದಿಲ್ಲ ಅಂದ್ರೂ ನಾನು ಹೋಗ್ತೀನಮ್ಮ. ಹಲ್ಲು ಹೋಗ್ತಾವೆ ಅಷ್ಟೆ.”

ಇವರು ಇಡೀ ಓಣಿಗೆ ಕೇಳುವ ಹಾಗೆ ಕೂಗಿದರು. “ಊರಿಗೆ ಊರೇ ಅವಳ ಹಿಂದೈತೆ. ಹೆತ್ತವಳು ಒಬ್ಬಳಿಗೆ ನಂಬಿಕೆ ಇಲ್ಲ!”

ಪಕ್ಕದ ಮನೆಯ ರಹಮತ್‌ಬೀ ಹೊಲಿಗೆ ಮಿಷನ್ ನಿಲ್ಲಿಸಿದ್ದು ಇಲ್ಲಿಗೆ ಗೊತ್ತಾಯಿತು. ಆಮೇಲೆ ಕಾಂಪೌಂಡಿನ ಮೇಲಿಂದ ಕತ್ತು ಹಾಕಿ, “ಅಕ್ಕಾ, ಅಳಬ್ಯಾಡ್ರಿ. ನಮ್ಮೋಳು ಅಂತ ನಾನು ಸುಮೇರಾ ಕಡೆ ಅನ್ಕಂಡ್ರೇನು? ಸಂಧ್ಯಾನ ಲಂಗ ಹೊಲಿದ ಕೈ ಇದು. ನಾನು ಅವಳ ಪಾರ್ಟಿ” ಎಂದರು.

ಸಂಧ್ಯಾಗೆ ಕೊನೆಯ ಸಲ ಹೇಳಿದೆ. ಹೋಗಬೇಡ. ಹೋದರೂ ಕೈ ಇಳಿಸಬೇಡ. ಬಾಗಿಲಿಗೆ ಒರಗಿ ನಿಂತಿದ್ದಳು.

“ಅಮ್ಮ, ಎಲ್ಲಾರೂ ನಂದು ನಿಜಾನಾ ಸುಳ್ಳಾ ಅಂತ ಕೇಳ್ತಾರೆ. ನಂಗೇ ಗೊತ್ತಾಗ್ಬೇಕು. ಆಡ್ದಲೆ ಹೆಂಗೆ ಗೊತ್ತಾಗ್ತೈತೆ?”

ನಾನೂ ಅದನ್ನೇ ತಾನೆ ಕೇಳುತ್ತಿದ್ದದ್ದು, ಎಲ್ಲರಿಗಿಂತ ಹೆಚ್ಚಾಗಿ.

ಡಿಸೆಂಬರ್ 8, ಸೋಮವಾರ. ಕಾಲೇಜಿಗೆ ರಜೆ ಹಾಕಿದ್ದೇನೆ

ಹೋಗುವುದಿಲ್ಲ ಎಂದಿದ್ದೆ. ಹೋದೆ. ನಿನ್ನೆ, ಜಗಳೂರಿನ ಮೈದಾನ. ಧೂಳು, ಬಿಸಿಲು, ಶಾಮಿಯಾನ. ಚನ್ನಗಿರಿಯಿಂದ ಬಂದ ಲಾರಿ ತುಂಬ ಜನ. ಮಾಲತೇಶ ಮೈಕ್ ಹಿಡಿದು “ಎತ್ತಿದ ಕೈ!” ಎಂದು ಕೂಗುತ್ತಾನೆ, ಜನ “ಪಂಚ್ ರಾಣಿ!” ಎನ್ನುತ್ತಾರೆ.

ಮೊದಲ ರೌಂಡ್ ಸಮ. ಸುಮೇರಾ ಮಾತು ಉಳಿಸಿಕೊಂಡಳು, ಹೊಟ್ಟೆಗೇ ಹೊಡೆದಳು. ಎರಡನೆಯದರಲ್ಲಿ ಕೈ ಇಳಿಯಿತು. ಹೊಡೆಯುವ ಮೊದಲೇ ಇಳಿಯಿತು ಈ ಸಲ. ನೇತಾಡುತ್ತಿತ್ತು. ಎದುರಿನ ಹುಡುಗಿ ಒಂದು ಗಳಿಗೆ ಹಿಂದೆ ಸರಿದು ನಿಂತಳು — ಯಾಕೆ ಹೊಡೆಯಲಿಲ್ಲ ಎಂದು ಅವಳ ಕಡೆಯವರೇ ಬೈದರು. ನಾನು ಎದ್ದು ನಿಂತೆ. ಗಂಟಲು ಹರಿಯುವ ಹಾಗೆ ಕೂಗಿದೆ.

“ಕೈ ಎತ್ತೇ! ಸಂಧ್ಯಾ! ಕೈ ಎತ್ತು!”

ಗಲ್ಲ ಕಾಯ್ದುಕೋ ಎಂದು ನಾನು ಹೇಳಿದ್ದು. ಅಷ್ಟೇ ಹೇಳಿದ್ದು.

ತಿರುಗಿ ನನ್ನನ್ನು ನೋಡಿದಳು. ಶಾಲೆಯಲ್ಲಿ ಹಾಜರಿ ಕೂಗಿದಾಗ ಮಕ್ಕಳು ನೋಡುವ ಹಾಗೆ. ಬಲಗೈ ನೆಟ್ಟಗೆ ತಲೆಯ ಮೇಲೆ ಎತ್ತಿದಳು. ರೆಫರಿ ನಡುವೆ ಬಂದ. ಸೋಲೊಪ್ಪಿಕೊಂಡಳು ಎಂದುಕೊಂಡ. ಮತ್ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು. ಗಂಟೆ ಬಾರಿಸಿದರು. ಇನ್ನೊಂದು ಕೈ ಎತ್ತಲ್ಪಟ್ಟಿತು, ಸುಮೇರಾಳದು, ಗೆದ್ದದ್ದಕ್ಕೆ. ಆ ಹುಡುಗಿ ನಗಲಿಲ್ಲ. ನಮ್ಮ ಕಡೆಯೇ ನೋಡುತ್ತಿದ್ದಳು.

ಒಂದೇ ಮಾತು. ಕೈ ಎತ್ತು. ಕಾಯ್ದುಕೋ ಅಂದರೂ ಅದೇ, ಹೊಡಿ ಅಂದರೂ ಅದೇ, ಬಿಟ್ಟುಕೊಡು ಅಂದರೂ ಅದೇ. ಇಪ್ಪತ್ತೆರಡು ವರ್ಷ ಕನ್ನಡ ಪಾಠ ಮಾಡಿದವಳಿಗೆ ಬೇರೆ ಮಾತು ಸಿಗಲಿಲ್ಲ.

ಕಾರಿನಲ್ಲಿ ಕೇಳಿದೆ, ಮೆಲ್ಲಗೆ. ಎಡಗೈ ಎತ್ತಬೇಕಿತ್ತಲ್ಲ, ಬಲಗೈ ಯಾಕೆ ಎತ್ತಿದೆ?

“ಎಡಗೈನೇ ಎತ್ತಿದ್ದು.”

“ಬಲಗೈ, ಸಂಧ್ಯಾ. ಇಡೀ ಊರು ನೋಡಿದೆ.”

“ಎರಡೂ ಎತ್ತಿದ್ದೆ ಹಂಗಾರೆ.” ಕಣ್ಣು ಮುಚ್ಚಿಕೊಂಡಳು. ಮನೆಯವರೆಗೂ ಸುಳ್ಳಿನ ಜೊತೆ ಕೂತು ಬಂದ ಹಾಗಿತ್ತು.

ಡಿಸೆಂಬರ್ 10, ಬುಧವಾರ

ಮಾಲತೇಶನ ಹೊಸ ವಿಡಿಯೋ. ‘ತಾಯಿ ಕೂಗಿದಳು, ಮಗಳು ಕೈ ಎತ್ತಿದಳು!’ ಕೆಳಗೆ ನೂರಾರು ಮಾತು. ಬರೀ ಹವಾ. ಅಡಿಕೆ ಸಾಹುಕಾರರ ಮಗಳು, ಫ್ಲೆಕ್ಸ್ ಚಾಂಪಿಯನ್. ತಾಯಿಗೇ ಹೊಟ್ಟೆಯುರಿ. ಒಬ್ಬ ಬರೆದಿದ್ದಾನೆ, ‘ಸಂಧ್ಯಾ ಕೈ ಎತ್ತಿದ್ದು ಬಾತ್‌ರೂಮಿಗೆ ಹೋಗಾಕೆ ಪರ್ಮಿಶನ್ ಕೇಳಾಕೆ.’ ಸ್ಟಾಫ್‌ರೂಮಿನಲ್ಲಿ ನಾಗರಾಜ್ ಅದನ್ನು ಓದಿ ನಕ್ಕು, ನನ್ನನ್ನು ಕಂಡು ಕೆಮ್ಮಿದರು.

ಬಸ್‌ಸ್ಟ್ಯಾಂಡಿನ ಫ್ಲೆಕ್ಸ್ ಇಳಿಸಿದ್ದಾರೆ. ಇವರೇ ಇಳಿಸಿದ್ದು.

ಮಲಗಿಯೇ ಇರುತ್ತಾಳೆ. ತಲೆನೋವು, ಬೆಳಕು ಬೇಡ. ಎರಡು ಸಲ ವಾಂತಿ. ಮಾತ್ರೆ ತಂದುಕೊಟ್ಟೆ. ಅವಮಾನ ಮೈಗೆ ಹತ್ತಿದೆ. ಸೋಮವಾರ ದಾವಣಗೆರೆಗೆ ಕರೆದುಕೊಂಡು ಹೋಗಿ ತೋರಿಸೋಣ ಎಂದೆ. ಇವರು ಪೇಪರಿನಿಂದ ತಲೆ ಎತ್ತದೆ ಹೂಂ ಎಂದರು.

ಜಡೆ ಹಾಕಿದೆ. ಈಗ ದಿನಾ ನಾನೇ.

ಡಿಸೆಂಬರ್ 14, ಭಾನುವಾರ. ದಾವಣಗೆರೆ, ಆಸ್ಪತ್ರೆಯ ಕಾರಿಡಾರ್

ಬ್ಯಾಗಿನಲ್ಲಿ ಈ ಪುಸ್ತಕ ಇತ್ತು. ಹೇಗೆ ಬಂತೋ. ಒಳಗೆ ಸ್ಕ್ಯಾನ್ ಮಾಡುತ್ತಿದ್ದಾರೆ. ಕೆಂಪು ದೀಪ ಉರಿಯುತ್ತಿದೆ. ಇವರು ಗೋಡೆಗೆ ಹಣೆ ಹಚ್ಚಿ ನಿಂತಿದ್ದಾರೆ. ಡಾಕ್ಟರು ಕೇಳಿದ್ದು ಒಂದೇ — ತಲೆಗೆ ಏಟು ಬಿದ್ದು ಎಷ್ಟು ದಿನ ಆಯಿತು? ಹೊನ್ನಾಳಿ ಎಂದೆ. ದೀಪಾವಳಿಗೆ ಮುಂಚೆ ಎಂದೆ. ಬಲಗಡೆಯಾ? ಬಲಗಡೆ. ಬಲಗಡೆ ಮಿದುಳಿನಲ್ಲಿ ರಕ್ತ ಕಟ್ಟಿದ್ದರೆ ಎಡಗೈ ಸೋಲುತ್ತೆ, ಸೋತಿದ್ದು ಅವರಿಗೇ ಗೊತ್ತಾಗಲ್ಲ ಎಂದರು, ಬರೆದುಕೊಳ್ಳುತ್ತಲೇ.

ಏನು ಬರೆಯಲಿ. ಬೆಳಿಗ್ಗೆಯದಷ್ಟೇ ಬರೆಯುತ್ತೇನೆ.

ಸಂಧ್ಯಾ ತಾನಾಗಿ ಎದ್ದು, ಚೂಡಿದಾರ ಹೊಲಿಸುತ್ತೇನೆ ಎಂದು ಪಕ್ಕದ ಮನೆಗೆ ಹೋದಳು. ಖುಷಿಯಾಯಿತು ನನಗೆ. ದೋಸೆ ಹಾಕುತ್ತಿದ್ದೆ. ಅವಳಿಗೆಂದು ಒಂದು ಗರಿಯಾಗಿ ತೆಗೆದಿಟ್ಟಿದ್ದೆ. ಬಾಗಿಲ ಬಳಿ ಸದ್ದಾಯಿತು. ರಹಮತ್‌ಬೀ. ಕೊರಳಲ್ಲಿ ಅಳತೆ ಟೇಪು, ಕಾಲಲ್ಲಿ ಚಪ್ಪಲಿ ಇಲ್ಲ.

“ಅಕ್ಕಾ, ಒಲೆ ಆರಿಸಿ ಬರ್ರಿ. ಅಳತಿ ತಗಳಾಕೆ ಕೈ ಎತ್ತು ಬೇಟಿ ಅಂದೆ. ಬಲಗೈ ಎತ್ತಿದ್ಲು. ಎಡಗೈನೂ ಎತ್ತವ್ವ ಅಂದ್ರೆ, ‘ಎತ್ತೀನಲ್ಲ’ ಅಂತಾಳಕ್ಕಾ... ನಗ್ತಾ ಅಂತಾಳೆ... ಕೈ ಕೆಳಗೇ ಐತೆ —”